ರಕ್ತದ ಗುಂಪಿನ ಪಕ್ಕದಲ್ಲಿ ವಿಧಾನವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ರಕ್ತದ ಗುಂಪು ನೋಡುವುದು ಹೇಗೆ ಅಂತ ಒಂದು ಲೇಖನ ಬಂದಿತ್ತು. ಪಕ್ಕದಲ್ಲಿ ಬಣ್ಣದ ಚಿತ್ರ. ಬಿಳಿ ಟೈಲ್, ಅದರ ಮೇಲೆ ಮೂರು ಹನಿ, ಹಿಂದೆ ಮೂರು ಪುಟ್ಟ ಬಾಟಲಿ. ನೀಲಿ ಬಾಟಲಿಯ ಕೆಳಗೆ ‘ಆಂಟಿ-ಬಿ’, ಹಳದಿ ಬಾಟಲಿಯ ಕೆಳಗೆ ‘ಆಂಟಿ-ಎ’ ಎಂದು ಅಚ್ಚಾಗಿದೆ. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಉಲ್ಟಾ ಆಗಿದೆ. ಆಂಟಿ-ಎ ನೀಲಿ, ಆಂಟಿ-ಬಿ ಹಳದಿ. ಪಾಸಿಟಿವ್, ನೆಗೆಟಿವ್ ಹೇಳುವ ಆಂಟಿ-ಡಿಗೆ ಬಣ್ಣ ಇಲ್ಲ. ಇವು ಆಂಟಿಸೀರಮ್‌ಗಳು: ಆಂಟಿ-ಎ ಅನ್ನುವುದು ಎ ಇರುವ ರಕ್ತಕಣಗಳನ್ನು ಹಿಡಿದು ಗುಂಪುಗೂಡಿಸುತ್ತದೆ, ಆಂಟಿ-ಬಿ ಬಿ ಇರುವವನ್ನು, ಆಂಟಿ-ಡಿ ಡಿ ಇರುವವನ್ನು. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನವರು ಬಾಟಲಿ ಅದಲು ಬದಲು ಮಾಡಬಾರದು ಅಂತಲೇ ಆ ಬಣ್ಣ ಹಾಕಿರುವುದು. ನಿಮ್ಮ ಅಡಿಬರಹ ನಂಬಿ ಟೆಸ್ಟ್ ಮಾಡಿದರೆ ಎ ಗುಂಪಿನವರೆಲ್ಲ ಬಿ ಆಗುತ್ತಾರೆ, ಬಿಯವರೆಲ್ಲ ಎ ಆಗುತ್ತಾರೆ. ಓ ಮತ್ತು ಎಬಿಯವರು ಮಾತ್ರ ಬಚಾವು.

ಅಷ್ಟೇ ಆಗಿದ್ದರೆ ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಲೇಖನದಲ್ಲಿ ‘ಎರಡೇ ನಿಮಿಷದಲ್ಲಿ ಗುಂಪು ಗೊತ್ತಾಗುತ್ತದೆ’ ಅಂತ ಇತ್ತು. ಬುಧವಾರದ ಓದುಗರ ಪತ್ರದಲ್ಲಿ ಇನ್ನೊಬ್ಬರು, ಜೆಲ್ ಕಾರ್ಡ್ ಬಂದ ಮೇಲೂ ಗಾಜಿನ ಟ್ಯೂಬ್ ಹಿಡಿದು ಕೂತಿರುವವರು ಹಳೇ ಕಾಲದವರು ಅಂತ ಬರೆದಿದ್ದಾರೆ. 31 ವರ್ಷ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಶಿಯನ್ ಆಗಿದ್ದು ನಿವೃತ್ತಿಯಾದವಳು ನಾನು. ಆ ಹಳೇ ಕಾಲದವಳು ನಾನೇ. ಇಬ್ಬರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಆ ಎರಡು ನಿಮಿಷದ ಮಾತು. ಟೈಲ್ ಅಥವಾ ಸ್ಲೈಡ್ ವಿಧಾನದಲ್ಲಿ ಎರಡು ನಿಮಿಷ ಅನ್ನುವುದು ಹೊಗಳಿಕೆಯಲ್ಲ, ಗಡುವು. ಒಂದು ಹನಿ ಆಂಟಿಸೀರಮ್, ಒಂದು ಹನಿ ರಕ್ತ, ಕಡ್ಡಿಯಲ್ಲಿ ಕಲಸಿ, ಟೈಲನ್ನು ಆ ಕಡೆ ಈ ಕಡೆ ಓಲಾಡಿಸಿ, ಎರಡು ನಿಮಿಷದೊಳಗೆ ಓದಿಬಿಡಬೇಕು. ಆಮೇಲೆ ಅಂಚು ಒಣಗುತ್ತದೆ. ಒಣಗಿದ ಅಂಚು ರವೆ ರವೆಯಾಗಿ ಕಾಣುತ್ತದೆ. ಕಣಗಳು ಗುಂಪುಗೂಡಿದ್ದೂ ಹಾಗೆಯೇ ಕಾಣುತ್ತದೆ. ಎರಡಕ್ಕೂ ವ್ಯತ್ಯಾಸ ಹೇಳುವುದು ಅನುಭವಸ್ಥರಿಗೂ ಕಷ್ಟ.

ನಾನು ಎಡವಿದ್ದೂ ಇಲ್ಲೇ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಗಿನ ಆಂಟಿ-ಡಿ ಕೆಲಸ ಮಾಡಬೇಕಾದರೆ ಸ್ಲೈಡ್ ಬೆಚ್ಚಗಿರಬೇಕಿತ್ತು. ಅದಕ್ಕೆ ಒಳಗೆ ಬಲ್ಬ್ ಇರುವ ಒಂದು ಪೆಟ್ಟಿಗೆ, ಮೇಲೆ ಗಾಜು. ಆ ಗಾಜಿನ ಮೇಲೆ ಸ್ಲೈಡ್ ಇಟ್ಟು ಓಲಾಡಿಸಬೇಕು. ಶಾಖಕ್ಕೆ ಹನಿ ಬೇರೆ ಬೇಗ ಒಣಗುತ್ತದೆ. ಫೋನ್ ಬಂತು ಅಂತ ಎದ್ದು ಹೋಗಿ ಬಂದೆ. ಬಂದು ನೋಡಿದರೆ ಡಿ ಹನಿಯಲ್ಲಿ ರವೆ. ಪಾಸಿಟಿವ್ ಅಂತ ಬರೆದೆ. ನಮ್ಮ ಹಿರಿಯ ಟೆಕ್ನಿಶಿಯನ್ ಒಬ್ಬರಿದ್ದರು, ಸರ್ ಅಂತ ಕರೆಯುತ್ತಿದ್ದೆವು. ಅವರು ಸ್ಲೈಡ್ ಎತ್ತಿ ಬೆಳಕಿಗೆ ಹಿಡಿದರು. ‘ಎಷ್ಟು ಹೊತ್ತಾಯ್ತಮ್ಮ ಇದಕ್ಕೆ?’ ಅಂದರು. ನನಗೆ ಗೊತ್ತಿರಲಿಲ್ಲ. ಏನೂ ಬೈಯಲಿಲ್ಲ. ಅದೇ ರಕ್ತವನ್ನು ಟ್ಯೂಬಿನಲ್ಲಿ ಮಾಡಿಸಿದರು. ನೆಗೆಟಿವ್. ಆಕೆ ಇನ್ನೂ ಮಕ್ಕಳಾಗಬೇಕಿದ್ದ ಹೆಣ್ಣುಮಗಳು. ಪಾಸಿಟಿವ್ ರಕ್ತ ಹೋಗಿ ಅವಳ ಮೈಯಲ್ಲಿ ಡಿ ವಿರುದ್ಧದ ಆಂಟಿಬಾಡಿ, ಅಂದರೆ ಆಂಟಿ-ಡಿ, ಹುಟ್ಟಿಕೊಂಡಿದ್ದರೆ ಮುಂದೆ ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಕಂಟಕವಾಗಬಹುದಿತ್ತು. ಆ ದಿನ ರಿಜಿಸ್ಟರಿನಲ್ಲಿ ನಾನು ಹೊಡೆದುಹಾಕಿದ ‘ಪಾಸಿಟಿವ್’ ಅನ್ನುವ ಪದ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಂತ ಸ್ಲೈಡ್ ಕೆಟ್ಟದ್ದು ಅಂತಲ್ಲ. ರಕ್ತದಾನ ಶಿಬಿರದಲ್ಲಿ ಯಾರದು ಯಾವ ಗುಂಪಿರಬಹುದು ಅಂತ ಮೊದಲ ಅಂದಾಜಿಗೆ ಅದು ಬೇಕು. ಆದರೆ ಅದನ್ನು ಅಂದಾಜು ಅಂತಲೇ ಕರೆಯಬೇಕು ಅಲ್ವಾ? ಬ್ಯಾಗಿನ ಮೇಲೆ ಅಂಟಿಸುವ ಚೀಟಿಗೆ ಆ ಉತ್ತರ ಸಾಲದು.

ಟ್ಯೂಬ್ ವಿಧಾನದಲ್ಲಿ ರಕ್ತಕಣಗಳನ್ನು ಸಲೈನಿನಲ್ಲಿ ತೊಳೆದು, ನೂರಕ್ಕೆ ಎರಡರಿಂದ ಐದು ಪಾಲು ಕಣ ಇರುವಷ್ಟು ತೆಳುವಾಗಿ ಕಲಸಿಕೊಳ್ಳುತ್ತೇವೆ. ಆಂಟಿಸೀರಮ್ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ಕಣಗಳೆಲ್ಲ ತಳದಲ್ಲಿ ಒಂದು ಕೆಂಪು ಗುಂಡಿಯಾಗಿ ಕೂರುತ್ತವೆ. ಈಗ ಟ್ಯೂಬನ್ನು ಮೆಲ್ಲಗೆ ಅಲ್ಲಾಡಿಸಬೇಕು. ಆಂಟಿಸೀರಮ್ ಕಣಗಳನ್ನು ಹಿಡಿಯದಿದ್ದರೆ ಗುಂಡಿ ಹೊಗೆ ಎದ್ದ ಹಾಗೆ ಎದ್ದು ಕರಗಿಹೋಗುತ್ತದೆ. ಗಟ್ಟಿಯಾಗಿ ಹಿಡಿದಿದ್ದರೆ ಇಡೀ ಗುಂಡಿ ಒಂದೇ ತುಂಡಾಗಿ ಕಿತ್ತು ಬರುತ್ತದೆ, ಅದಕ್ಕೆ 4+ ಅಂತ ಬರೆಯುತ್ತೇವೆ. ನಡುವೆ 3+, 2+, 1+. ಎಷ್ಟು ಪ್ಲಸ್ ಅನ್ನುವುದು ಬರೀ ಲೆಕ್ಕಕ್ಕಲ್ಲ. ಎ, ಬಿ ಗುಂಪುಗಳು ಸಾಮಾನ್ಯವಾಗಿ 4+ ಅಥವಾ 3+ ಬರಬೇಕು. 1+ ಬಂತು ಅಂದರೆ ಎಲ್ಲೋ ಏನೋ ಇದೆ, ಕೈ ನಿಲ್ಲಿಸಿ ನೋಡು ಅಂತ ಅರ್ಥ. ಟೈಲ್ ಮೇಲೆ ಈ ಪಿಸುಮಾತು ಅಷ್ಟಾಗಿ ಕೇಳಿಸುವುದಿಲ್ಲ.

ಟ್ಯೂಬಿಗೂ ಒಂದು ದೋಷವಿದೆ. ಅದು ಓದುವವರ ಕೈಯಲ್ಲಿದೆ. ಜೋರಾಗಿ ಕುಲುಕಿದರೆ 1+ ಒಡೆದುಹೋಗಿ ನೆಗೆಟಿವ್ ಆಗುತ್ತದೆ. ಹೊಸ ಹುಡುಗರಿಗೆ ನಾನು ಹೇಳಿಕೊಡುತ್ತಿದ್ದದ್ದು, ಮಲಗಿರುವ ಮಗುವಿನ ತಲೆ ಎತ್ತುವ ಹಾಗೆ ಎತ್ತಪ್ಪ ಅಂತ. ಒಂದು ಸಲ ಕುಲುಕಿದ ಟ್ಯೂಬನ್ನು ಇನ್ನೊಬ್ಬರಿಗೆ ತೋರಿಸಿದರೆ ಅವರಿಗೆ ಕಾಣುವುದು ನೀವು ಕಂಡದ್ದಲ್ಲ. ಈ ವಿಷಯದಲ್ಲಿ ಜೆಲ್ ಮೇಲು. ಅದಕ್ಕೆ ಆಮೇಲೆ ಬರುತ್ತೇನೆ.

ಟ್ಯೂಬಿನ ದೊಡ್ಡ ಲಾಭ ಇನ್ನೊಂದು ಕಡೆ ಇದೆ. ಸ್ಲೈಡ್ ನೋಡುವುದು ಕಣವನ್ನು ಮಾತ್ರ. ಟ್ಯೂಬಿನಲ್ಲಿ ಸೀರಮನ್ನೂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರನ್ನೂ, ನೋಡುತ್ತೇವೆ. ಎ ಗುಂಪಿನವರ ಕಣದಲ್ಲಿ ಎ ಇದ್ದರೆ ಅವರ ಸೀರಮಿನಲ್ಲಿ ಆಂಟಿ-ಬಿ ಇರಲೇಬೇಕು. ಗೊತ್ತಿರುವ ಎ ಕಣ, ಬಿ ಕಣ, ಓ ಕಣಗಳಿಗೆ ಆ ಸೀರಮ್ ಹಾಕಿ ತಾಳೆ ನೋಡುತ್ತೇವೆ. ಕಣದ ಕಡೆಯದು ಫಾರ್ವರ್ಡ್, ಸೀರಮ್ ಕಡೆಯದು ರಿವರ್ಸ್. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಸಹಿ. ಹೆಚ್ಚು ಕೆಲಸ ಅಂತ ಗೊಣಗುವವರಿದ್ದಾರೆ. 1901ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಗುಂಪುಗಳನ್ನು ಕಂಡುಹಿಡಿದದ್ದೇ ಹೀಗೆ. ಅವರ ಮೇಜಿನ ಮೇಲೆ ನೀಲಿ ಬಾಟಲಿ, ಹಳದಿ ಬಾಟಲಿ ಇರಲಿಲ್ಲ. ತಮ್ಮ ಮತ್ತು ಸಹೋದ್ಯೋಗಿಗಳ ರಕ್ತ ತೆಗೆದು, ಒಬ್ಬರ ಸೀರಮಿಗೆ ಇನ್ನೊಬ್ಬರ ಕಣ ಹಾಕಿ ಕೋಷ್ಟಕ ಬರೆದರು. ಅವರಲ್ಲಿ ಎಬಿಯವರು ಯಾರೂ ಇರಲಿಲ್ಲ, ಹಾಗಾಗಿ ಆ ಗುಂಪು ತಪ್ಪಿಹೋಯಿತು. ಮರುವರ್ಷ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಅದನ್ನು ಕಂಡರು.

ರಿವರ್ಸ್ ಯಾಕೆ ಬೇಕು ಅನ್ನುವುದಕ್ಕೆ ನನ್ನ ಮೇಜಿಗೆ ಬಂದ ಎರಡು ಟ್ಯೂಬುಗಳ ಕಥೆ ಹೇಳುತ್ತೇನೆ.

ಒಬ್ಬರು ದಾನಿ. ಶಿಬಿರದಲ್ಲಿ ಸ್ಲೈಡ್ ನೋಡಿ ಬಿ ಪಾಸಿಟಿವ್ ಅಂತ ಬರೆದಿದ್ದರು. ಟ್ಯೂಬಿನಲ್ಲಿ ರಿವರ್ಸ್ ಮಾಡಿದೆ. ಅವರ ಸೀರಮ್ ಬಿ ಕಣವನ್ನು ಹಿಡಿಯಲಿಲ್ಲ, ಸರಿ. ಎ ಕಣವನ್ನೂ ಹಿಡಿಯಲಿಲ್ಲ. ಬಿ ಗುಂಪಿನವರಾದರೆ ಎ ಕಣ ಹಿಡಿಯಬೇಕಲ್ಲ? ಮತ್ತೆ ಫಾರ್ವರ್ಡಿಗೆ ಹೋಗಿ ಆಂಟಿ-ಎ ಟ್ಯೂಬನ್ನು ಉಸಿರು ಬಿಗಿಹಿಡಿದು ಅಲ್ಲಾಡಿಸಿದೆ. ಅಲ್ಲೊಂದು ಸಣ್ಣ 1+. ಎ ಇತ್ತು, ದುರ್ಬಲವಾಗಿತ್ತು ಅಷ್ಟೇ. ಎ ಒಳಗೇ ಎ1, ಎ2 ಅಂತ ಉಪಗುಂಪುಗಳಿವೆ. ಎರಡನೆಯದರಲ್ಲಿ ಎ ಕಡಿಮೆ. ಪಕ್ಕದಲ್ಲಿ ಬಿ ಕೂಡ ಇದ್ದರೆ ಇನ್ನೂ ಕಡಿಮೆ. ಅದನ್ನು ಖಚಿತ ಮಾಡಿಕೊಳ್ಳಲು ಬಳಸುವ ದ್ರಾವಣ ಯಾವುದರಿಂದ ಬರುತ್ತದೆ ಗೊತ್ತೇ? ಹುರುಳಿಕಾಳಿನಿಂದ! ಹುರುಳಿಯಲ್ಲಿರುವ ಒಂದು ಪ್ರೋಟೀನನ್ನು ಹದವಾಗಿ ತೆಳು ಮಾಡಿದರೆ ಅದು ಎ1 ಕಣಗಳನ್ನು ಮಾತ್ರ ಹಿಡಿಯುತ್ತದೆ, ಎ2 ಕಣಗಳನ್ನು ಬಿಡುತ್ತದೆ. ಆ ದಾನಿಯ ಕಣವನ್ನು ಹುರುಳಿ ಹಿಡಿಯಲಿಲ್ಲ. ಎ2ಬಿ. ಆ ಬ್ಯಾಗ್ ‘ಬಿ’ ಎಂಬ ಚೀಟಿ ಹೊತ್ತು ಬಿ ರೋಗಿಗೆ ಹೋಗಿದ್ದರೆ, ಅವರ ಮೈಯಲ್ಲಿರುವ ಆಂಟಿ-ಎ ಅದರ ಮೇಲೆ ಬೀಳುತ್ತಿತ್ತು. ಆಗ ಆಂಟಿಸೀರಮ್ ಮನುಷ್ಯರ ರಕ್ತದಿಂದಲೇ ತಯಾರಾಗುತ್ತಿತ್ತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದ, ಒಂದೇ ಬಗೆಯ ಕೋಶದಿಂದ ಆಂಟಿಬಾಡಿ ಬೆಳೆಸುವ ಮೋನೋಕ್ಲೋನಲ್ ದಾರಿಯಲ್ಲಿ ತಯಾರಾಗುವ ಈಗಿನವು ಬಹಳ ಚುರುಕು. ಇಂಥ ಎ ಈಗ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳುವುದಿಲ್ಲ. ಆದರೂ ತಪ್ಪಿಸಿಕೊಳ್ಳುವವು ಇವೆ.

ಇನ್ನೊಬ್ಬರು ರೋಗಿ. ಕೈಯಲ್ಲಿದ್ದ ಕಾರ್ಡಿನಲ್ಲಿ ಓ ಪಾಸಿಟಿವ್. ಫಾರ್ವರ್ಡಿನಲ್ಲೂ ಓ: ಆಂಟಿ-ಎ ಹಿಡಿಯಲಿಲ್ಲ, ಆಂಟಿ-ಬಿಯೂ ಹಿಡಿಯಲಿಲ್ಲ. ರಿವರ್ಸಿನಲ್ಲಿ ಎ ಕಣ 4+, ಬಿ ಕಣ 4+. ಇಲ್ಲಿಗೆ ನಿಲ್ಲಿಸಿದರೆ ಚೆಂದದ ಓ. ಮೂರನೇ ಟ್ಯೂಬಿನಲ್ಲಿ ಓ ಕಣ ಇತ್ತು. ಎಷ್ಟೋ ಜನ ಅದು ದಂಡ ಅಂತ ಬಿಟ್ಟುಬಿಡುತ್ತಾರೆ. ಅದೂ 4+. ಓ ಕಣವನ್ನು ಓ ಗುಂಪಿನವರ ಸೀರಮ್ ಯಾಕೆ ಹಿಡಿಯಬೇಕು? ಅವರದೇ ಕಣಕ್ಕೆ ಅವರದೇ ಸೀರಮ್ ಹಾಕಿ ನೋಡಿದೆ, ಹಿಡಿಯಲಿಲ್ಲ. ಸರ್ ಪಕ್ಕಕ್ಕೆ ಬಂದು ನಿಂತರು. ‘ಬಾಂಬೆ ಇರಬಹುದು, ಆಂಟಿ-ಎಚ್ ತಗೊಂಡು ಬಾ’ ಅಂದರು. ಎ ಮತ್ತು ಬಿ ಎರಡೂ ಎಚ್ ಅನ್ನುವ ಬುನಾದಿಯ ಮೇಲೆ ಕಟ್ಟಿದ ಗೋಡೆಗಳು. ಓ ಕಣದಲ್ಲಿ ಗೋಡೆ ಇಲ್ಲ, ಬುನಾದಿ ಬಯಲಾಗಿ ಇದೆ. ಬಾಂಬೆ ಗುಂಪಿನವರಲ್ಲಿ ಆ ಬುನಾದಿಯೇ ಇಲ್ಲ. ಅವರ ಸೀರಮಿನಲ್ಲಿ ಆಂಟಿ-ಎಚ್ ಇರುತ್ತದೆ. ಹಾಗಾಗಿ ಎಲ್ಲರಿಗೂ ಕೊಡಬಹುದು ಅಂತ ಹೆಸರಾದ ಓ ರಕ್ತವೂ ಅವರಿಗೆ ವಿಷ. 1952ರಲ್ಲಿ ಬಾಂಬೆಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ಮೊದಲು ವರದಿ ಮಾಡಿದ್ದರಿಂದ ಆ ಹೆಸರು. ಸ್ಲೈಡ್ ಮಾತ್ರ ನೋಡಿದರೆ ಇವರು ಸಾಯುವವರೆಗೂ ಓ ಆಗಿಯೇ ಇರುತ್ತಾರೆ.

ಈಗ ಜೆಲ್ ಕಾರ್ಡಿನ ಮಾತು. ಬುಧವಾರದ ಪತ್ರ ಬರೆದವರ ಜೊತೆ ನನಗೆ ಜಗಳವಿಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ ಇವ್ ಲ್ಯಾಪಿಯೆರ್ 1980ರ ದಶಕದಲ್ಲಿ ಮಾಡಿದ ಈ ಕೆಲಸ ನಿಜಕ್ಕೂ ಜಾಣತನದ್ದು. ಪ್ಲಾಸ್ಟಿಕ್ ಕಾರ್ಡಿನಲ್ಲಿ ಆರು ಪುಟ್ಟ ಕೊಳವೆ, ಒಳಗೆ ಜೆಲ್ಲಿನ ಮಣಿಗಳು. ಆ ಮಣಿಗಳು ಜರಡಿಯ ಹಾಗೆ. ಶೇಕಡಾ ಒಂದರಷ್ಟು ತೆಳುವಾದ ಕಣ ಹಾಕಿ ಹತ್ತು ನಿಮಿಷ ತಿರುಗಿಸಿದರೆ ಬಿಡಿ ಕಣಗಳು ನುಸುಳಿ ತಳ ಸೇರುತ್ತವೆ. ಗುಂಪುಗೂಡಿದವು ಮೇಲೆಯೇ ಸಿಕ್ಕಿಕೊಳ್ಳುತ್ತವೆ. ಕುಲುಕುವುದು ಇಲ್ಲ, ಕೈಯ ಜೋರು ಮೆದು ಇಲ್ಲ. ಗಂಟೆಗಳ ನಂತರವೂ ಹಾಗೇ ಇರುತ್ತದೆ, ಫೋಟೊ ತೆಗೆಯಬಹುದು, ಇನ್ನೊಬ್ಬರನ್ನು ಕರೆದು ತೋರಿಸಬಹುದು. ಬೇರೆ ಗುಂಪಿನ ರಕ್ತ ಹಿಂದೆ ಹಾಕಿಸಿಕೊಂಡವರಲ್ಲಿ ಎರಡು ಬಗೆಯ ಕಣ ಬೆರೆತಿದ್ದರೆ, ಮೇಲೊಂದು ಗೆರೆ, ತಳದಲ್ಲೊಂದು ಗುಂಡಿ, ಎರಡೂ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಟ್ಯೂಬಿನಲ್ಲಿ ಇದನ್ನು ಹಿಡಿಯಲು ಕಣ್ಣು ಪಳಗಿರಬೇಕು. ಕೊನೆಯ ಎಂಟು ವರ್ಷ ನಾನೂ ಜೆಲ್ಲಿನಲ್ಲೇ ಕೆಲಸ ಮಾಡಿದೆ. ಮೊದಲ ತಿಂಗಳು ಬೇಸರವಾಗಿತ್ತು. ಬೆರಳಿಗೆ ಕೆಲಸವೇ ಇಲ್ಲ ಅನ್ನಿಸುತ್ತಿತ್ತು.

ಆದರೆ ಆ ಸಾಮಾನ್ಯ ಕಾರ್ಡಿನ ಆರು ಕೊಳವೆಗಳನ್ನು ಎಣಿಸಿ ನೋಡಿ. ಆಂಟಿ-ಎ, ಆಂಟಿ-ಬಿ, ಆಂಟಿ-ಡಿ, ಆಂಟಿಸೀರಮ್ ಇಲ್ಲದ ಒಂದು ಕಂಟ್ರೋಲ್, ಆಮೇಲೆ ರಿವರ್ಸಿಗೆ ಎ ಕಣ, ಬಿ ಕಣ. ಮುಗಿಯಿತು. ಓ ಕಣಕ್ಕೆ ಜಾಗ ಎಲ್ಲಿ? ನಾನು ಮೇಲೆ ಹೇಳಿದ ರೋಗಿ ಈ ಕಾರ್ಡಿನಲ್ಲೂ ಸಲೀಸಾಗಿ ಓ ಆಗಿಬಿಡುತ್ತಿದ್ದರು. ಮುಂದೆ ಅವರ ಸೀರಮನ್ನು ಓ ಕಣಗಳಿಗೆ ಹಾಕಿ ನೋಡುವ ಆಂಟಿಬಾಡಿ ಸ್ಕ್ರೀನಿಂಗ್ ಅಥವಾ ದಾನಿಯ ಕಣಗಳಿಗೆ ಹಾಕಿ ನೋಡುವ ಕ್ರಾಸ್‌ಮ್ಯಾಚ್ ಮಾಡುವಾಗ ಸಿಕ್ಕಿಬೀಳುತ್ತಿದ್ದರು ನಿಜ. ಆದರೆ ಗ್ರೂಪಿಂಗ್ ರಿಪೋರ್ಟ್ ಅಷ್ಟರಲ್ಲಿ ಕೈ ಸೇರಿರುತ್ತದೆ. ಇನ್ನೊಂದು ಸಣ್ಣ ಕಿರಿಕಿರಿ: ರಕ್ತ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಅವಸರದಲ್ಲಿ ಸೀರಮ್ ತೆಗೆದರೆ ಅದರಲ್ಲಿ ಫೈಬ್ರಿನ್ ಎಳೆ ಉಳಿದಿರುತ್ತದೆ. ಅದು ಜೆಲ್ಲಿನ ಮೇಲೆ ಬಲೆಯಂತೆ ಕೂತು ಕಣಗಳನ್ನು ತಡೆದು ಸುಳ್ಳು ಗೆರೆ ತೋರಿಸುತ್ತದೆ. 96 ಗುಳಿಗಳ ಪ್ಲೇಟ್ ಇಟ್ಟು ತಾನೇ ಓದುವ ಮಷಿನ್‌ಗಳಿವೆ, ಡಿಎನ್‌ಎ ನೋಡಿ ಗುಂಪು ಹೇಳುವ ಪರೀಕ್ಷೆಯೂ ಬಂದಿದೆ. ಆದರೆ ಕಣ ಮತ್ತು ಸೀರಮ್ ಒಂದಕ್ಕೊಂದು ವಿರುದ್ಧ ಹೇಳಿದಾಗ ಆ ಮಷಿನ್‌ಗಳು ನಿಂತು ಮನುಷ್ಯರನ್ನು ಕರೆಯುತ್ತವೆ. ಕರೆಸಿಕೊಂಡವರು ಆಗ ತೆಗೆಯುವುದು ಗಾಜಿನ ಟ್ಯೂಬನ್ನೇ. ಸಲೈನ್ ಬಾಟಲಿಯನ್ನೂ.

ಸಲೈನ್ ಯಾಕೆ ಅಂದರೆ, ಮೈಲೋಮದಂಥ ಕಾಯಿಲೆಯಲ್ಲಿ ರಕ್ತದಲ್ಲಿ ಪ್ರೋಟೀನ್ ಜಾಸ್ತಿಯಾಗಿ ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟೈಲ್ ಮೇಲೆ ಅದು ಥೇಟ್ ಗುಂಪುಗೂಡಿದ ಹಾಗೇ ಕಾಣುತ್ತದೆ. ಟ್ಯೂಬಿನಲ್ಲಾದರೆ ಸೀರಮ್ ತೆಗೆದು ಅದರ ಜಾಗಕ್ಕೆ ಸಲೈನ್ ಹಾಕಿದರೆ ನಾಣ್ಯಗಳು ಚದುರಿಹೋಗುತ್ತವೆ. ನಿಜವಾಗಿ ಹಿಡಿದದ್ದು ಚದುರುವುದಿಲ್ಲ.

ಇನ್ನು ಡಿ. ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು: ‘ಮೇಡಂ, ಹೋದ ಸಲ ನೆಗೆಟಿವ್ ಅಂದಿದ್ದರು, ಈಗ ಪಾಸಿಟಿವ್ ಅಂತೀರಿ. ರಕ್ತ ಬದಲಾಯಿತಾ?’ ನನ್ನ ಸ್ವಂತ ನಾದಿನಿಯೇ ಹೀಗೆ ಕೇಳಿದ್ದಾಳೆ. ಅವಳು ರಕ್ತ ಕೊಡಲು ಹೋದಾಗ ಸ್ಲೈಡಿನಲ್ಲಿ ನೆಗೆಟಿವ್ ಬಂದಿತ್ತು. ನೆಗೆಟಿವ್ ದಾನಿಗಳ ಪಟ್ಟಿಗೆ ಅವಳ ಹೆಸರು ಸೇರಿತು. ನಡುರಾತ್ರಿ ಫೋನ್ ಬರತೊಡಗಿತು. ಆಮೇಲೊಮ್ಮೆ ನಾನೇ ಕೂತು ಟ್ಯೂಬಿನಲ್ಲಿ, ಆಂಟಿ-ಡಿ ಹಾಕಿ 37 ಡಿಗ್ರಿಯಲ್ಲಿ ಇಟ್ಟು, ಮೂರು ಸಲ ತೊಳೆದು, ಕಣಕ್ಕೆ ಅಂಟಿದ ಆಂಟಿಬಾಡಿಯನ್ನು ಹಿಡಿದು ತೋರಿಸುವ ಕೂಂಬ್ಸ್ ಸೀರಮ್ ಹಾಕಿ ನೋಡಿದೆ. ಆಗ ಹಿಡಿಯಿತು. ದುರ್ಬಲ ಡಿ. 1946ರಲ್ಲಿ ಸ್ಟ್ರ್ಯಾಟನ್ ಇದನ್ನು ವರದಿ ಮಾಡಿದಾಗ ಡಿಯು ಅಂತ ಹೆಸರಿಟ್ಟರು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಕೂಂಬ್ಸ್ ಪರೀಕ್ಷೆ ಅದರ ಹಿಂದಿನ ವರ್ಷವಷ್ಟೇ ಬಂದಿತ್ತು. ಇಂಥವರು ರಕ್ತ ಕೊಡುವಾಗ ಪಾಸಿಟಿವ್ ಅಂತಲೇ ಲೆಕ್ಕ, ಯಾಕೆಂದರೆ ಆ ದುರ್ಬಲ ಡಿ ಕೂಡ ನೆಗೆಟಿವ್ ರೋಗಿಯಲ್ಲಿ ಆಂಟಿಬಾಡಿ ಹುಟ್ಟಿಸಬಹುದು. ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ನೆಗೆಟಿವ್ ಅಂತ ನಡೆಸಿಕೊಳ್ಳುವುದು ಸುರಕ್ಷಿತ. ಒಬ್ಬಳೇ ಮನುಷ್ಯಳು, ಎರಡು ಉತ್ತರ, ಎರಡೂ ಸರಿ. ಇದನ್ನು ನಾದಿನಿಗೆ ಬಿಡಿಸಿ ಹೇಳಲು ನನಗೆ ಒಂದು ಸಂಜೆ ಹಿಡಿಯಿತು. ಅವಳ ಕಾರ್ಡಿನಲ್ಲಿ ‘ಸ್ಲೈಡ್’ ಅಂತ ಒಂದೇ ಒಂದು ಪದ ಇದ್ದಿದ್ದರೆ ಐದು ನಿಮಿಷ ಸಾಕಿತ್ತು.

ನನ್ನ ಬೇಡಿಕೆ ಅಷ್ಟೇ. ರಕ್ತದ ಗುಂಪಿನ ರಿಪೋರ್ಟ್ ಕೊಡುವ ಲ್ಯಾಬ್ ಯಾವುದೇ ಇರಲಿ, ಗುಂಪಿನ ಪಕ್ಕದಲ್ಲಿ ವಿಧಾನ ಬರೆಯಲಿ. ಸ್ಲೈಡೋ, ಟ್ಯೂಬೋ, ಜೆಲ್ಲೋ. ರಿವರ್ಸ್ ಮಾಡಿದ್ದಾರೋ ಇಲ್ಲವೋ. ಮಾಡಿಲ್ಲದಿದ್ದರೆ ಮಾಡಿಲ್ಲ ಅಂತ ಬರೆಯಲಿ, ನಾಚಿಕೆ ಏನಿಲ್ಲ. ಹಸುಗೂಸುಗಳಲ್ಲಿ ಹೇಗೂ ರಿವರ್ಸ್ ಮಾಡುವುದಿಲ್ಲ. ಮೊದಲ ನಾಲ್ಕಾರು ತಿಂಗಳು ಅವುಗಳ ಸೀರಮಿನಲ್ಲಿ ಇರುವುದು ತಾಯಿಯ ಆಂಟಿಬಾಡಿ, ಸ್ವಂತದ್ದಲ್ಲ. ಅದನ್ನೂ ಬರೆದರೆ ಆ ಮಗು ದೊಡ್ಡದಾದ ಮೇಲೆ ಕಾರ್ಡ್ ನೋಡುವವರಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು ಅಂತ ಗೊತ್ತಾಗುತ್ತದೆ.

ರಕ್ತ ಹಾಕುವ ಮುಂಚೆ ಹೇಗೂ ಮತ್ತೆ ಗ್ರೂಪಿಂಗ್, ಕ್ರಾಸ್‌ಮ್ಯಾಚ್ ಮಾಡುತ್ತಾರಲ್ಲ, ಕಾರ್ಡಿನಲ್ಲಿ ಏನಿದ್ದರೇನು ಅಂತ ಕೇಳಬಹುದು. ಮಾಡುತ್ತಾರೆ, ಮಾಡಲೇಬೇಕು. ಕಾರ್ಡ್ ನಂಬಿ ರಕ್ತ ಹಾಕುವಂತಿಲ್ಲ. ಆದರೆ ರಕ್ತ ಹಾಕಿಸಿಕೊಳ್ಳುವವರಿಗಿಂತ ಕಾರ್ಡ್ ಇಟ್ಟುಕೊಂಡವರು ಜಾಸ್ತಿ. ಗರ್ಭಿಣಿಯ ಮೈಯಲ್ಲಿ ಸ್ವಂತ ಆಂಟಿ-ಡಿ ಹುಟ್ಟದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕೋ ಬೇಡವೋ ಅನ್ನುವ ಮಾತು ಶುರುವಾಗುವುದೇ ಅವಳ ರಿಪೋರ್ಟಿನಿಂದ. ಅಪರೂಪದ ರಕ್ತಕ್ಕೆ ದಾನಿಯನ್ನು ಹುಡುಕಿ ಎಬ್ಬಿಸುವುದು ಪಟ್ಟಿ ನೋಡಿ.

ಯಾವ ವಿಧಾನಕ್ಕೂ ಹಿಡಿಯಲಾಗದ ತಪ್ಪು ಒಂದಿದೆ. ಒಬ್ಬರ ರಕ್ತ, ಇನ್ನೊಬ್ಬರ ಹೆಸರಿನ ಟ್ಯೂಬ್. ಹಾಸಿಗೆ ಪಕ್ಕದಲ್ಲಿ ಹೆಸರು ಕೇಳದೆ, ಚೀಟಿ ಆಮೇಲೆ ಅಂಟಿಸಿದರೆ ಆಗುವುದು ಇದು. ಜೆಲ್ ಕಾರ್ಡ್ ಆ ತಪ್ಪು ರಕ್ತದ ಗುಂಪನ್ನು ಬಹಳ ಅಚ್ಚುಕಟ್ಟಾಗಿ ಹೇಳುತ್ತದೆ. ಅದಕ್ಕೇ ಗುಂಪು ಖಚಿತ ಮಾಡಲು ಬೇರೆ ಬೇರೆ ಸಮಯದಲ್ಲಿ ತೆಗೆದ ಎರಡು ಸ್ಯಾಂಪಲ್ ಕೇಳುತ್ತೇವೆ. ಎರಡನೇ ಸಲ ಸೂಜಿ ಹಿಡಿದು ಬಂದವರ ಮೇಲೆ ನಿಮ್ಮ ಓದುಗರು ದಯವಿಟ್ಟು ರೇಗಬಾರದು.

ನಿಮ್ಮ ಪುಟಕ್ಕೆ ಮರಳುವುದಾದರೆ: ಮುಂದಿನ ಭಾನುವಾರ ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ನೀಲಿ ಆಂಟಿ-ಎ, ಹಳದಿ ಆಂಟಿ-ಬಿ. ಶಾಲೆಯ ಮಕ್ಕಳು ಆ ಚಿತ್ರ ಕತ್ತರಿಸಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಾರೆ. ಪಕ್ಕದ ಮನೆಯ ಹುಡುಗಿ ಆಗಲೇ ಅಂಟಿಸಿದ್ದಾಳೆ. ಅವಳ ಪುಸ್ತಕದಲ್ಲಿ ನಾನು ಪೆನ್ಸಿಲಿನಿಂದ ತಿದ್ದಿಕೊಟ್ಟಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಬ್ಲಡ್ ಬ್ಯಾಂಕ್ ಟೆಕ್ನಿಶಿಯನ್